ಸಿಒ2 ಮೀಟರ್ ಕೊಳ್ಳುವ ಮೊದಲು: ನಂಬಬಹುದಾದ ಸೆನ್ಸರ್ ಆರಿಸುವುದು ಹೇಗೆ?

ಕೋಣೆಯ ಗಾಳಿ ಕೆಟ್ಟಿದೆ ಅಂತ ಮೊದಲು ಹೇಳುವವರು ಹೊರಗಿನಿಂದ ಬಂದವರು. ಒಳಗೇ ಕೂತವರ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ಬಾಗಿಲು ತೆಗೆದು ಒಳಗೆ ಕಾಲಿಟ್ಟವರೇ "ಇದೇನು, ಉಸಿರು ಕಟ್ಟುತ್ತೆ, ಕಿಟಕಿ ತೆಗೀರಿ" ಎನ್ನುತ್ತಾರೆ. ಒಂದು ಒಳ್ಳೆಯ ಕಾರ್ಬನ್ ಡೈಆಕ್ಸೈಡ್ (ಸಿಒ2) ಮೀಟರ್ ಮಾಡುವುದು ಇದೇ ಕೆಲಸವನ್ನು. ಅದು ಯಾವಾಗಲೂ ಆಗತಾನೇ ಹೊರಗಿನಿಂದ ಬಂದವರ ಹಾಗೆ ಮಾತಾಡುತ್ತದೆ.

ಆದರೆ ಮೀಟರ್ ಹೇಳುವ ಸಂಖ್ಯೆ ಸರಿ ಇರಬೇಕಲ್ವಾ? ನನ್ನ ಮೊದಲ ಮೀಟರನ್ನು ನಾನು ಮಲಗುವ ಕೋಣೆಯಲ್ಲಿ ಇಟ್ಟಿದ್ದೆ. ಮೊದಲ ವಾರ ಬೆಳಗಿನ ಜಾವ 1,500 ತೋರಿಸುತ್ತಿತ್ತು. ಮೂರನೇ ವಾರಕ್ಕೆ ಅದೇ ಕೋಣೆ, ಅದೇ ಮುಚ್ಚಿದ ಕಿಟಕಿ, ಅದೇ ಇಬ್ಬರು. ಸಂಖ್ಯೆ ಮಾತ್ರ 1,200ಕ್ಕೆ ಇಳಿದಿತ್ತು. ನಾನು ಖುಷಿಪಟ್ಟೆ. ಒಂದು ದಿನ ಸುಮ್ನೆ ಅದನ್ನು ತಾರಸಿಗೆ ಒಯ್ದು ನೋಡಿದೆ. 400ಕ್ಕೆ ಬಂದು ನಿಂತಿತು. ಅರ್ಧ ಗಂಟೆ ಕಳೆದರೂ ಒಂದಂಕಿ ಅಲುಗಲಿಲ್ಲ. ಗಾಳಿ ಸುಧಾರಿಸಿರಲಿಲ್ಲ, ಮೀಟರೇ ದಾರಿ ತಪ್ಪಿತ್ತು. ಯಾಕೆ ಹಾಗಾಯಿತು ಅನ್ನುವುದು ನಾಲ್ಕನೇ ಹಂತದಲ್ಲಿ ಬರುತ್ತದೆ. ಈ ಲೇಖನ ಬರೆಯಲು ಮುಖ್ಯ ಕಾರಣವೇ ಆ ಹಂತ.

ಮೊದಲು ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ. ಈಗ ಹೊರಗಿನ ಗಾಳಿಯಲ್ಲಿ ಸಿಒ2 ಸುಮಾರು 425 ಪಿಪಿಎಂ ಇದೆ. ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 425 ಪಾಲು. ನಾವು ಹೊರಬಿಡುವ ಉಸಿರಿನಲ್ಲಿ ಅದು ಸುಮಾರು 40,000 ಪಿಪಿಎಂ. ಹಾಗಾಗಿ ಕೋಣೆಯಲ್ಲಿ ಸಿಒ2 ಎಷ್ಟು ಏರಿದೆ ಎನ್ನುವುದು, ಅಲ್ಲಿ ಉಳಿದುಕೊಂಡ ಉಸಿರು ಎಷ್ಟು ಎನ್ನುವುದರ ಲೆಕ್ಕ. ಮೀಟರ್ 1,200 ತೋರಿಸಿದರೆ, ಆ ಕೋಣೆಯ ಗಾಳಿಯಲ್ಲಿ ಐವತ್ತರಲ್ಲಿ ಒಂದು ಪಾಲು ಆಗಲೇ ಯಾರದೋ ಶ್ವಾಸಕೋಶಕ್ಕೆ ಹೋಗಿ ಬಂದದ್ದು.

ಹಂತ 1: ನಿಮಗೆ ಎಷ್ಟು ನಿಖರತೆ ಬೇಕು?

ಇದನ್ನು ಕೇಳಿಕೊಳ್ಳದೆ ಕೊಳ್ಳಲು ಹೋದರೆ, ಒಂದೋ ಬೇಡದ್ದಕ್ಕೆ ದುಡ್ಡು ಸುರಿಯುತ್ತೀರಿ, ಇಲ್ಲವೇ ಆಟಿಕೆ ತರುತ್ತೀರಿ.

"ಕಿಟಕಿ ತೆಗೆಯಬೇಕಾ ಬೇಡವಾ" ಅಂತ ತಿಳಿಯುವುದಷ್ಟೇ ಬೇಕಿದ್ದರೆ, 1,000ದ ಹತ್ತಿರ 75ರಿಂದ 100 ಪಿಪಿಎಂ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. 950 ಆಗಲಿ, 1,050 ಆಗಲಿ, ನೀವು ಮಾಡುವ ಕೆಲಸ ಒಂದೇ. 1,000 ಎನ್ನುವ ಗೆರೆ ಹೊಸದಲ್ಲ. ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಅದನ್ನು ಸೂಚಿಸಿದ್ದರು. ಅಷ್ಟು ಸಿಒ2 ವಿಷ ಅಂತ ಅವರು ಹೇಳಲಿಲ್ಲ. ಜನರಿಂದ ಗಾಳಿ ಎಷ್ಟು ಕೆಟ್ಟಿದೆ ಎಂದು ತೋರಿಸುವ ಗುರುತು ಅದು ಅಂತ ಹೇಳಿದರು. ಇವತ್ತಿಗೂ ಅದನ್ನು ಹಾಗೆಯೇ ತೆಗೆದುಕೊಳ್ಳುವುದು ಒಳ್ಳೆಯದು. 999 ಆದರೆ ಕ್ಷೇಮ, 1,001 ಆದರೆ ಅಪಾಯ ಅಂತೇನೂ ಇಲ್ಲ.

ಗಾಳಿಯಾಟ ಎಷ್ಟಿದೆ ಎಂದು ಲೆಕ್ಕ ಹಾಕಬೇಕಾದರೆ, ಅಥವಾ ಮೀಟರಿನ ಮಾತು ಕೇಳಿ ಫ್ಯಾನ್ ತಾನೇ ಓಡಬೇಕಾದರೆ, ಸ್ವಲ್ಪ ಬಿಗಿಯಾದ ಅಳತೆ ಬೇಕು. ಇಲ್ಲಿ ಮುಖ್ಯವಾಗುವುದು ಒಳಗಿನ ಸಂಖ್ಯೆಗೂ ಹೊರಗಿನ ಸಂಖ್ಯೆಗೂ ಇರುವ ವ್ಯತ್ಯಾಸ. ಒಳಗೆ 1,425, ಹೊರಗೆ 425 ಇದ್ದರೆ ವ್ಯತ್ಯಾಸ 1,000. ಮೀಟರ್ 100 ತಪ್ಪು ತೋರಿಸಿದರೂ ಲೆಕ್ಕದಲ್ಲಿ ಹತ್ತರಲ್ಲಿ ಒಂದು ಪಾಲು ತಪ್ಪು. ಆದರೆ ಒಳಗೆ 625 ಇದ್ದರೆ? ವ್ಯತ್ಯಾಸ ಬರೀ 200. ಅದೇ 100ರ ತಪ್ಪು ಈಗ ಅರ್ಧದಷ್ಟಾಯಿತು. ಗಾಳಿ ಚೆನ್ನಾಗಿರುವ ಕೋಣೆಯಲ್ಲೇ ಮೀಟರ್ ಜಾಸ್ತಿ ನಿಖರವಾಗಿರಬೇಕು. ಕೇಳಲು ತಿರುಗಾಮುರುಗಾ ಅನಿಸಬಹುದು, ಆದರೆ ಲೆಕ್ಕ ಹಾಗೇ ಇದೆ.

ಒಂದು ಅಳತೆಗೋಲು ಬೇಕಿದ್ದರೆ ಕ್ಯಾಲಿಫೋರ್ನಿಯಾದ ಕಟ್ಟಡ ನಿಯಮ ನೋಡಬಹುದು. ಜನರ ಸಂಖ್ಯೆಗೆ ತಕ್ಕಂತೆ ಗಾಳಿ ಹರಿಸುವ ವ್ಯವಸ್ಥೆಗೆ ಹಾಕುವ ಸೆನ್ಸರ್, 600 ಮತ್ತು 1,000 ಪಿಪಿಎಂ ಎರಡರಲ್ಲೂ 75ಕ್ಕಿಂತ ಹೆಚ್ಚು ತಪ್ಪಬಾರದು ಅನ್ನುತ್ತದೆ ಅದು. ಮನೆಗೂ ತರಗತಿಗೂ ಇದು ಒಳ್ಳೆಯ ಗುರಿ.

ಹಂತ 2: ಅದು ನಿಜವಾಗಿ ಸಿಒ2 ಅಳೆಯುತ್ತದೆಯೇ?

ಈ ಪ್ರಶ್ನೆ ಕೇಳಿದರೆ ಆಶ್ಚರ್ಯ ಆಗಬಹುದು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಸಿಒ2 ಅಂತಲೇ ಬರೆದಿರುತ್ತದೆ. ಆದರೂ ಒಳಗೆ ಸಿಒ2 ಸೆನ್ಸರ್ ಇಲ್ಲದ ಮೀಟರ್‌ಗಳು ಬೇಕಾದಷ್ಟಿವೆ.

ನಂಬಬಹುದಾದ ವಿಧಾನಗಳು ಎರಡು. ಮೊದಲನೆಯದು ಎನ್‌ಡಿಐಆರ್. ಒಂದು ಪುಟ್ಟ ಕೊಳವೆ, ಒಂದು ತುದಿಯಲ್ಲಿ ಇನ್‌ಫ್ರಾರೆಡ್ ದೀಪ, ಇನ್ನೊಂದು ತುದಿಯಲ್ಲಿ ಆ ಬೆಳಕನ್ನು ಅಳೆಯುವ ಡಿಟೆಕ್ಟರ್, ನಡುವೆ ಒಂದು ಫಿಲ್ಟರ್. ಸಿಒ2 ಅಣುಗಳು 4.26 ಮೈಕ್ರಾನ್ ಅಲೆಯುದ್ದದ ಬೆಳಕನ್ನು ಹೀರಿಕೊಳ್ಳುತ್ತವೆ. ಗಾಳಿಯಲ್ಲಿರುವ ನೈಟ್ರೋಜನ್, ಆಕ್ಸಿಜನ್ ಅದನ್ನು ಮುಟ್ಟುವುದಿಲ್ಲ. ಆ ತುದಿಗೆ ಬೆಳಕು ಎಷ್ಟು ಕಡಿಮೆ ತಲುಪಿತೋ ಅದರ ಮೇಲೆ ಸಿಒ2 ಎಷ್ಟಿದೆ ಎಂದು ಗೊತ್ತಾಗುತ್ತದೆ. ಸರಳ, ಗಟ್ಟಿ, ದಶಕಗಳಿಂದ ಪಳಗಿದ ವಿಧಾನ.

ಎರಡನೆಯದು ಫೋಟೋಅಕೌಸ್ಟಿಕ್. ಇದರಲ್ಲಿ ಬೆಳಕನ್ನು ಮಿಟುಕಿಸುತ್ತಾರೆ. ಬೆಳಕು ಹೀರಿದ ಸಿಒ2 ಬಿಸಿಯಾಗಿ ಹಿಗ್ಗುತ್ತದೆ, ಬೆಳಕು ಆರಿದಾಗ ಕುಗ್ಗುತ್ತದೆ. ಆ ಹಿಗ್ಗು ಕುಗ್ಗಿನಿಂದ ಹುಟ್ಟುವ ಸಣ್ಣ ಸದ್ದನ್ನು ಒಂದು ಪುಟ್ಟ ಮೈಕ್ ಕೇಳಿಸಿಕೊಳ್ಳುತ್ತದೆ. ಗಾಳಿಯೊಳಗಿನ ಅನಿಲ ಮಾಡುವ ಸದ್ದು ಕೇಳಿ ಅದು ಎಷ್ಟಿದೆ ಎಂದು ಹೇಳುವುದು! ನನಗೆ ಈ ಉಪಾಯ ಬಹಳ ಇಷ್ಟ. ಇದಕ್ಕೆ ಉದ್ದ ಕೊಳವೆ ಬೇಡ. ಹಾಗಾಗಿ ಎಸ್‌ಸಿಡಿ40 ಥರದ ಸೆನ್ಸರ್ ಒಂದು ಸೆಂಟಿಮೀಟರ್ ಚದರದಲ್ಲಿ ಅಡಗುತ್ತದೆ.

ಇನ್ನು ದೂರ ಇಡಬೇಕಾದದ್ದು. ಡೇಟಾಶೀಟಿನಲ್ಲಿ, ಅಂದರೆ ತಯಾರಕರು ಕೊಡುವ ತಾಂತ್ರಿಕ ವಿವರದ ಹಾಳೆಯಲ್ಲಿ, "ಇಸಿಒ2" ಅಥವಾ "ಸಿಒ2 ಸಮಾನ" ಎಂಬ ಮಾತು ಕಂಡರೆ ಅಲ್ಲೇ ನಿಲ್ಲಿ. ಅದು ಬಿಸಿ ಮಾಡಿದ ಲೋಹದ ಆಕ್ಸೈಡ್ ಪದರದ ಸೆನ್ಸರ್. ಎಸ್‌ಜಿಪಿ30, ಸಿಸಿಎಸ್811 ಇದೇ ಜಾತಿ. ಇವು ಗಾಳಿಯಲ್ಲಿರುವ ಆಲ್ಕೋಹಾಲ್, ದ್ರಾವಕ, ವಾಸನೆಯ ಆವಿ, ಹೈಡ್ರೋಜನ್‌ಗೆ ಸ್ಪಂದಿಸುತ್ತವೆ. ಸಿಒ2ಗೆ ಸ್ಪಂದಿಸುವುದಿಲ್ಲ. "ಜನ ಇದ್ದರೆ ಇವೆಲ್ಲ ಏರುತ್ತವೆ, ಸಿಒ2 ಕೂಡ ಏರಿರಬೇಕು" ಅಂತ ಊಹಿಸಿ ಒಂದು ಸಂಖ್ಯೆ ತೋರಿಸುತ್ತವೆ. ಆವಿಗಳನ್ನು ಗಮನಿಸಲು ಅವು ಒಳ್ಳೆಯ ಸೆನ್ಸರ್‌ಗಳೇ. ಆದರೆ ನೆಲ ಒರೆಸುವ ದ್ರಾವಣದ ಬಾಟಲಿ ತೆಗೆದ ಕೂಡಲೇ 3,000 ತೋರಿಸುವ ಸಾಧನ ಗಾಳಿಯಾಟದ ಬಗ್ಗೆ ಏನು ಹೇಳೀತು?

ವಿವರಣೆಯಲ್ಲಿ ಸೆನ್ಸರಿನ ವಿಧಾನವನ್ನಾಗಲಿ ಮಾದರಿಯನ್ನಾಗಲಿ ಹೇಳದಿದ್ದರೆ ನಾನು ಕೊಳ್ಳುವುದಿಲ್ಲ. ಒಳ್ಳೆಯ ಸೆನ್ಸರ್ ಹಾಕಿದವರು ಅದನ್ನು ಮುಚ್ಚಿಡುವುದಿಲ್ಲ.

ಹಂತ 3: ಡೇಟಾಶೀಟಿನ ಎರಡು ಅಂಕಿಗಳನ್ನು ಕೂಡಿಸಿ

ನಿಖರತೆಯನ್ನು ಸಾಮಾನ್ಯವಾಗಿ ಹೀಗೆ ಬರೆದಿರುತ್ತಾರೆ: ±(50 ಪಿಪಿಎಂ + ಅಳತೆಯ ಶೇ. 5). ಬಹಳ ಜನ ಮೊದಲ ಅಂಕಿ ಮಾತ್ರ ಓದುತ್ತಾರೆ. ಎರಡನ್ನೂ ಕೂಡಿಸಬೇಕು. 1,000 ಪಿಪಿಎಂ ಇದ್ದಾಗ 50 ಮತ್ತು 50, ಒಟ್ಟು 100. 2,000 ಇದ್ದಾಗ 50 ಮತ್ತು 100, ಒಟ್ಟು 150.

ಕೆಲವು ಪ್ರಸಿದ್ಧ ಸೆನ್ಸರ್‌ಗಳ ಲೆಕ್ಕ ಹೀಗಿದೆ. ಎಸ್‌ಸಿಡಿ30ರದ್ದು ±(30 + ಶೇ. 3), ಅಂದರೆ 1,000ದಲ್ಲಿ 60. ಸೆನ್ಸ್‌ಏರ್ ಎಸ್8ನದ್ದು ±(40 + ಶೇ. 3), ಅಂದರೆ 70. ಎಸ್‌ಸಿಡಿ40 ಮತ್ತು ಎಂಎಚ್-ಝಡ್19ಬಿ ಎರಡೂ ±(50 + ಶೇ. 5), ಅಂದರೆ 100. ನಾವು ಇಟ್ಟುಕೊಂಡ 75ರ ಗುರಿಯೊಳಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಈಗ ನಿಮಗೇ ಕಾಣುತ್ತದೆ. ತಯಾರಕರು ಡೇಟಾಶೀಟ್ ತಿದ್ದುತ್ತಿರುತ್ತಾರೆ. ಕೊಳ್ಳುವ ದಿನ ಹೊಸ ಆವೃತ್ತಿಯನ್ನೇ ನೋಡಿ.

ಅಲ್ಲೇ ಇನ್ನೊಂದು ಸಾಲು ಇರುತ್ತದೆ: ಈ ನಿಖರತೆ ಯಾವ ವ್ಯಾಪ್ತಿಗೆ ಅನ್ನುವುದು. "0ರಿಂದ 10,000 ಪಿಪಿಎಂ ಅಳೆಯುತ್ತದೆ" ಅಂತ ಮುಂದೆ ಬರೆದಿದ್ದರೂ, ಭರವಸೆ 400ರಿಂದ 2,000ದವರೆಗೆ ಮಾತ್ರ ಇರಬಹುದು. ಮನೆ, ಕಚೇರಿ, ತರಗತಿಗೆ 400ರಿಂದ 5,000 ಸಾಕು.

ಪರದೆಯ ಮೇಲೆ ಒಂದೊಂದೇ ಪಿಪಿಎಂ ಬದಲಾಗುವುದನ್ನು ಕಂಡು ಮರುಳಾಗಬೇಡಿ. 843 ಅಂತ ತೋರಿಸುವ ಮೀಟರ್ 840 ಅಂತ ತೋರಿಸುವುದಕ್ಕಿಂತ ನಿಖರ ಅಂತೇನಿಲ್ಲ. ಖಾಲಿ ತಕ್ಕಡಿಯ ಮುಳ್ಳೇ ನೆಟ್ಟಗಿಲ್ಲದಿದ್ದರೆ, ಕೊನೆಯ ಗ್ರಾಂವರೆಗೆ ಓದಿ ಏನು ಪ್ರಯೋಜನ?

ಡೇಟಾಶೀಟ್ ಹೇಳುವುದು ಹೊಸ ಸೆನ್ಸರಿನ ಕಥೆ ಎನ್ನುವುದೂ ನೆನಪಿರಲಿ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು 34 ವಾಣಿಜ್ಯ ಕಟ್ಟಡಗಳಲ್ಲಿ ಆಗಲೇ ಬಳಕೆಯಲ್ಲಿದ್ದ 208 ಸೆನ್ಸರ್‌ಗಳನ್ನು ಪರೀಕ್ಷಿಸಿದ್ದರು. ವರದಿ ಬಂದದ್ದು 2010ರಲ್ಲಿ. 760 ಪಿಪಿಎಂ ಇದ್ದಾಗ ಅವುಗಳಲ್ಲಿ ಶೇ. 47ರಷ್ಟು 75ಕ್ಕಿಂತ ಹೆಚ್ಚು ತಪ್ಪಿದ್ದವು. ಹೆಚ್ಚುಕಡಿಮೆ ಅರ್ಧ! ಅವು ಆಟಿಕೆಗಳಲ್ಲ, ಕಟ್ಟಡದ ಗಾಳಿ ನಡೆಸುತ್ತಿದ್ದ ಸೆನ್ಸರ್‌ಗಳು.

ಹಂತ 4: ಮೀಟರ್ ತನ್ನನ್ನು ತಾನೇ ಹೇಗೆ ತಿದ್ದಿಕೊಳ್ಳುತ್ತದೆ?

ಇದನ್ನು ನಿಧಾನವಾಗಿ ಓದಿ. ಕೊಂಡ ಮೇಲೆ ಬರುವ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

ಎನ್‌ಡಿಐಆರ್ ಸೆನ್ಸರಿನ ದೀಪ ವರ್ಷ ಕಳೆದಂತೆ ಮಂಕಾಗುತ್ತದೆ. ಒಳಗೆ ದೂಳೂ ಕೂರುತ್ತದೆ. ಡಿಟೆಕ್ಟರಿಗೆ ಬೆಳಕು ಕಡಿಮೆ ಬಂದರೆ, ಅದು ಸಿಒ2 ಜಾಸ್ತಿ ಇದೆ ಅಂತ ತಿಳಿಯುತ್ತದೆ. ಹೀಗೆ ಅಳತೆ ಮೆಲ್ಲಗೆ ಜರುಗುತ್ತದೆ. ಇದನ್ನು ತಡೆಯಲು ತಯಾರಕರು ಒಂದು ಉಪಾಯ ಮಾಡಿದ್ದಾರೆ. ಇಷ್ಟು ದಿನಗಳಲ್ಲಿ ಕಂಡ ಅತಿ ಕಡಿಮೆ ಅಳತೆ ಯಾವುದೋ ಅದೇ ಹೊರಗಿನ ಗಾಳಿ, ಅಂದರೆ ಸುಮಾರು 400 ಪಿಪಿಎಂ ಅಂತ ಮೀಟರ್ ನಂಬುತ್ತದೆ. ಆ ಲೆಕ್ಕಕ್ಕೆ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕೆಲವರು ಇದನ್ನು ಎಬಿಸಿ ಎನ್ನುತ್ತಾರೆ, ಕೆಲವರು ಎಎಸ್‌ಸಿ ಎನ್ನುತ್ತಾರೆ. ಅರ್ಥ ಒಂದೇ, ಆಟೋ ಕ್ಯಾಲಿಬ್ರೇಷನ್.

ಕಚೇರಿ, ಶಾಲೆಗಳಿಗೆ ಇದು ತುಂಬ ಚೆನ್ನಾಗಿ ಒಪ್ಪುತ್ತದೆ. ಸಂಜೆ ಎಲ್ಲರೂ ಮನೆಗೆ ಹೋಗುತ್ತಾರೆ. ರಾತ್ರಿಯೆಲ್ಲ ಕೋಣೆ ಖಾಲಿ. ಬೆಳಗಾಗುವ ಹೊತ್ತಿಗೆ ಒಳಗಿನ ಗಾಳಿ ಹೊರಗಿನಷ್ಟೇ ಆಗಿರುತ್ತದೆ. ಅಂಥ ಕಡೆ ಆಟೋ ಇರುವ ಮೀಟರ್ ಕೊಂಡು, ಇಟ್ಟು, ಅದರ ಪಾಡಿಗೆ ಬಿಡಬಹುದು.

ಆದರೆ ಯಾವಾಗಲೂ ಯಾರಾದರೂ ಇರುವ ಮನೆ? ಕಿಟಕಿ ತೆರೆಯದೆ ದಿನಗಟ್ಟಲೆ ಮುಚ್ಚಿದ ಮಲಗುವ ಕೋಣೆ? ಮೂರು ಪಾಳಿಯಲ್ಲಿ ನಡೆಯುವ ಆಸ್ಪತ್ರೆ ವಾರ್ಡ್? ಅಲ್ಲಿ ಅತಿ ಕಡಿಮೆ ಎಂದರೂ 700 ಇರಬಹುದು. ಮೀಟರ್ ಆ 700ನ್ನು 400 ಅಂತ ತಿಳಿಯುತ್ತದೆ. ಅಲ್ಲಿಂದ ಮುಂದೆ ಎಲ್ಲ ಅಳತೆಯೂ ಸುಮಾರು 300 ಕಡಿಮೆ. 1,500 ಇದ್ದರೆ 1,200 ತೋರಿಸುತ್ತದೆ. ನನ್ನ ಮಲಗುವ ಕೋಣೆಯಲ್ಲಿ ಆದದ್ದು ಇದೇ. ತಾರಸಿಯ ಮೇಲೆ ಅಂಕಿ ಅಲುಗದೆ ನಿಂತದ್ದೂ ಇದರಿಂದಲೇ. ಲೆಕ್ಕದ ಪ್ರಕಾರ 400ಕ್ಕಿಂತ ಕೆಳಗೆ ಹೋಗಬೇಕಿತ್ತು, ಆದರೆ 400ಕ್ಕಿಂತ ಕಡಿಮೆ ತೋರಿಸದಂತೆ ಅದಕ್ಕೆ ಕಟ್ಟು ಹಾಕಿದ್ದರು. ಈ ತಪ್ಪಿನ ದಿಕ್ಕು ನೋಡಿ. ಗಾಳಿ ಹೆಚ್ಚು ಕೆಟ್ಟಿರುವ ಕಡೆಯೇ ಮೀಟರ್ "ಎಲ್ಲ ಸರಿ ಇದೆ" ಅಂತ ಸಮಾಧಾನ ಹೇಳುತ್ತದೆ. ಅದಕ್ಕೇ ನನಗೆ ಇದರ ಬಗ್ಗೆ ಇಷ್ಟು ಕಾಳಜಿ.

ಹಾಗಾಗಿ ಕೊಳ್ಳುವ ಮೊದಲು ಮೂರು ವಿಷಯ ಹುಡುಕಿ.

ಒಂದು, ಆಟೋ ಕ್ಯಾಲಿಬ್ರೇಷನ್ ಎಷ್ಟು ದಿನಕ್ಕೊಮ್ಮೆ? ಸೆನ್ಸ್‌ಏರ್ ಎಸ್8 ಸುಮಾರು ಎಂಟು ದಿನದ ಅಳತೆ ನೋಡಿ ತೀರ್ಮಾನಿಸುತ್ತದೆ. ಎಂಎಚ್-ಝಡ್19ಬಿ 24 ಗಂಟೆಗೊಮ್ಮೆ ತಿದ್ದಿಕೊಳ್ಳುತ್ತದೆ. ಒಂದು ದಿನ ಕಿಟಕಿ ತೆರೆಯದಿದ್ದರೂ ಅದಕ್ಕೆ ಮೋಸವಾಗುತ್ತದೆ. ಅವಧಿ ಉದ್ದ ಇದ್ದಷ್ಟೂ ಮನೆಗೆ ಒಳ್ಳೆಯದು. ಎಸ್‌ಸಿಡಿ30ಗೆ ಮೊದಲ ಬಾರಿ ಸರಿಯಾಗಲು ಕನಿಷ್ಠ ಏಳು ದಿನ ಬಿಡದೆ ಓಡಬೇಕು, ದಿನಕ್ಕೆ ಒಂದು ಗಂಟೆಯಾದರೂ ತಾಜಾ ಗಾಳಿ ಸಿಗಬೇಕು.

ಎರಡು, ಆಟೋವನ್ನು ಆಫ್ ಮಾಡಿಡಲು ಬರುತ್ತದೆಯೇ? ಬಹಳ ಸೆನ್ಸರ್‌ಗಳಲ್ಲಿ ಬರುತ್ತದೆ. ಆದರೆ ಅದನ್ನು ಕೂರಿಸಿದ ಮೀಟರ್ ಆ ಸೌಲಭ್ಯವನ್ನು ನಿಮಗೆ ಕೊಟ್ಟಿರಬೇಕಲ್ಲ. ಕೈಪಿಡಿಯನ್ನು ಕೊಳ್ಳುವ ಮೊದಲೇ ಡೌನ್‌ಲೋಡ್ ಮಾಡಿ ಓದಿ.

ಮೂರು, ನೀವೇ ಕೈಯಾರೆ ಕ್ಯಾಲಿಬ್ರೇಟ್ ಮಾಡಬಹುದೇ? ಸದಾ ಜನ ಇರುವ ಜಾಗಕ್ಕೆ ನನ್ನ ಸಲಹೆ ಇದೇ: ಆಟೋ ಆಫ್ ಮಾಡಿ, ವರ್ಷಕ್ಕೆರಡು ಸಲ ಹೊರಗೆ ಒಯ್ದು ಕೈಯಾರೆ ಹೊಂದಿಸಿ.

ಇನ್ನೊಂದು ದಾರಿಯೂ ಇದೆ, ಅದು ಎರಡು ಚಾನೆಲ್‌ನ ಎನ್‌ಡಿಐಆರ್. ಸಿಒ2 ಹೀರದ ಇನ್ನೊಂದು ಅಲೆಯುದ್ದವನ್ನೂ, ಸುಮಾರು 4 ಮೈಕ್ರಾನ್, ಅದು ಜೊತೆಗೇ ಅಳೆಯುತ್ತದೆ. ದೀಪ ಮಂಕಾದರೆ ಎರಡೂ ಕಡೆ ಬೆಳಕು ಇಳಿಯುತ್ತದೆ. ಸಿಒ2 ಏರಿದರೆ ಒಂದೇ ಕಡೆ ಇಳಿಯುತ್ತದೆ. ಹೀಗೆ ದೀಪದ ವಯಸ್ಸನ್ನೂ ಗಾಳಿಯ ಸ್ಥಿತಿಯನ್ನೂ ಬೇರೆ ಮಾಡಿ ನೋಡಬಹುದು. ದಿನವಿಡೀ ಜನ ತುಂಬಿರುವ ಜಾಗಕ್ಕೆ, ಸ್ವಲ್ಪ ಹೆಚ್ಚು ಖರ್ಚಾದರೂ, ಇಂಥದ್ದನ್ನೇ ನೋಡಿ.

ಹಂತ 5: ನೀವು ಇರುವ ಜಾಗ ಎಷ್ಟು ಎತ್ತರದಲ್ಲಿದೆ?

ಸೆನ್ಸರ್ ಎಣಿಸುವುದು ಕೊಳವೆಯೊಳಗಿನ ಅಣುಗಳನ್ನು. ಎತ್ತರದ ಜಾಗದಲ್ಲಿ ಗಾಳಿಯ ಒತ್ತಡ ಕಡಿಮೆ. ಅದೇ ಕೊಳವೆಯಲ್ಲಿ ಎಲ್ಲ ಅಣುಗಳೂ ಕಡಿಮೆ. ಪಿಪಿಎಂ ಬದಲಾಗದಿದ್ದರೂ ಮೀಟರ್ ಕಡಿಮೆ ತೋರಿಸುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಒತ್ತಡ ಸುಮಾರು ಶೇ. 10 ಕಡಿಮೆ. ತಿದ್ದದೆ ಬಿಟ್ಟರೆ 1,000 ಇರುವಲ್ಲಿ ಹತ್ತಿರಹತ್ತಿರ 900 ಕಾಣುತ್ತದೆ.

ಎಸ್‌ಸಿಡಿ30, ಎಸ್‌ಸಿಡಿ40 ಎರಡರಲ್ಲೂ ಎತ್ತರವನ್ನೋ ಒತ್ತಡವನ್ನೋ ತಿಳಿಸಿ ಸರಿಪಡಿಸಬಹುದು. ಕೆಲವು ಮೀಟರ್‌ಗಳಲ್ಲಿ ಒತ್ತಡದ ಸೆನ್ಸರ್ ಜೊತೆಗೇ ಇರುತ್ತದೆ. ನೀವು ಸಮುದ್ರತೀರದಲ್ಲಿದ್ದರೆ ಈ ಹಂತ ಬಿಟ್ಟುಬಿಡಿ. ಗುಡ್ಡಗಾಡಿನಲ್ಲೋ ಎತ್ತರದ ಬಯಲಿನಲ್ಲೋ ಇದ್ದರೆ, ಎತ್ತರ ಹಾಕುವ ಅವಕಾಶ ಇಲ್ಲದ ಮೀಟರ್ ಕೊಳ್ಳಬೇಡಿ.

ಹಂತ 6: ಉಳಿದ ಸಣ್ಣಪುಟ್ಟ ವಿಷಯಗಳು

ಅಳತೆಯನ್ನು ಉಳಿಸಿಕೊಂಡು ಗ್ರಾಫ್ ತೋರಿಸುವ ಮೀಟರ್ ತೆಗೆದುಕೊಳ್ಳಿ. ನೀವು ಮಲಗಿರುವಾಗಲೇ ಸಂಖ್ಯೆ ಅತಿ ಹೆಚ್ಚಾಗುವುದು. ಎದ್ದು ನೋಡುವ ಹೊತ್ತಿಗೆ ಬಾಗಿಲು ತೆರೆದಿರುತ್ತದೆ, ಸಂಖ್ಯೆ ಇಳಿದಿರುತ್ತದೆ.

ಬ್ಯಾಟರಿಯಲ್ಲಿ ಓಡುವ ಮೀಟರ್ ಐದು ಅಥವಾ ಹತ್ತು ನಿಮಿಷಕ್ಕೊಮ್ಮೆ ಅಳೆಯುತ್ತದೆ. ಕೋಣೆಯ ಗಾಳಿಗೆ ಅದು ಸಾಕು. ಬಸ್ಸಿಗೆ, ಸಭೆಗೆ ಒಯ್ಯುವುದಿದ್ದರೆ ಒಂದೆರಡು ನಿಮಿಷಕ್ಕೆ ಇಳಿಸುವ ಅವಕಾಶ ಇರಲಿ. ಹಸಿರು, ಹಳದಿ, ಕೆಂಪು ದೀಪ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಆದರೆ ಸಂಖ್ಯೆ ತೋರಿಸದೆ ಬರೀ ದೀಪ ತೋರಿಸುವ ಮೀಟರನ್ನು ಪರೀಕ್ಷಿಸಲು ಆಗುವುದಿಲ್ಲ.

ಹಂತ 7: ಮನೆಗೆ ಬಂದ ಮೊದಲ ವಾರ ಪರೀಕ್ಷೆ ಮಾಡಿ

ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಇದನ್ನೆಲ್ಲ ಮುಗಿಸಿ.

ಮೊದಲು ಸ್ಯಾನಿಟೈಸರ್ ಪರೀಕ್ಷೆ. ಮೀಟರನ್ನು ಮೇಜಿನ ಮೇಲಿಟ್ಟು ಸಂಖ್ಯೆ ನಿಲ್ಲುವವರೆಗೆ ಕಾಯಿರಿ. ಆಲ್ಕೋಹಾಲ್ ಇರುವ ಸ್ಯಾನಿಟೈಸರನ್ನು ಒಂದು ಹತ್ತಿಗೆ ಹಾಕಿ ಮೀಟರಿನ ಪಕ್ಕ ಇಟ್ಟು ದೂರ ಸರಿಯಿರಿ. ಹತ್ತಿರ ಬಗ್ಗಿ ನೋಡಬೇಡಿ, ನಿಮ್ಮ ಉಸಿರಿಗೇ ಸಂಖ್ಯೆ ಏರುತ್ತದೆ. ಕೆಲವು ನಿಮಿಷದಲ್ಲಿ ಸಾವಿರಗಟ್ಟಲೆ ಜಿಗಿದರೆ ಅದು ಊಹೆ ಮಾಡುವ ಸೆನ್ಸರ್. ಹಾಗೇ ವಾಪಸ್ ಕಳಿಸಿ. ಮೀಟರಿಗೆ ಊದಿ ನೋಡುವ ಪರೀಕ್ಷೆಯಿಂದ ಇದು ಗೊತ್ತಾಗುವುದಿಲ್ಲ. ಉಸಿರಿಗೆ ಎರಡು ಬಗೆಯ ಸೆನ್ಸರೂ ಏರುತ್ತವೆ.

ಆಮೇಲೆ ಹೊರಗಿನ ಪರೀಕ್ಷೆ. ಮಧ್ಯಾಹ್ನ, ಸ್ವಲ್ಪ ಗಾಳಿ ಬೀಸುತ್ತಿರುವಾಗ, ವಾಹನಗಳಿಂದ ದೂರ, ನೆರಳಲ್ಲಿ ಇಡಿ. ಬೆಳಗಿನ ಜಾವ ಬೇಡ. ರಾತ್ರಿ ಗಿಡಮರಗಳೂ ಮಣ್ಣೂ ಬಿಡುವ ಸಿಒ2 ನೆಲದ ಹತ್ತಿರವೇ ನಿಂತಿರುತ್ತದೆ. ಇಪ್ಪತ್ತರಿಂದ ಮೂವತ್ತು ನಿಮಿಷ ಬಿಟ್ಟು ನೋಡಿ. 400ರಿಂದ 460ರ ನಡುವೆ ಸ್ವಲ್ಪ ಅಲುಗಾಡುತ್ತಿದ್ದರೆ ಒಳ್ಳೆಯ ಲಕ್ಷಣ. 550 ತೋರಿಸಿದರೆ ಕೈಯಾರೆ ಕ್ಯಾಲಿಬ್ರೇಟ್ ಮಾಡಿ. ಸರಿಯಾಗಿ 400ಕ್ಕೆ ಅಂಟಿಕೊಂಡು ಕೂತರೆ ಅನುಮಾನಪಡಿ. ಹೊರಗೆ ಈಗ 400 ಎಲ್ಲಿದೆ?

ಕ್ಯಾಲಿಬ್ರೇಷನ್ ಗುಂಡಿ ಒತ್ತುವುದಾದರೆ ಹೊರಗೆ ಇದ್ದಾಗ ಮಾತ್ರ ಒತ್ತಿ. ಒತ್ತಿ ಎರಡು ಮೀಟರ್ ದೂರ ಹೋಗಿ. ಕೋಣೆಯೊಳಗೆ ಕುತೂಹಲಕ್ಕೆ ಒತ್ತಿದರೆ ಮುಂದಿನ ಎಲ್ಲ ಅಳತೆಯೂ ಕೆಡುತ್ತದೆ.

ಕೊನೆಗೆ, ಸಾಧ್ಯವಾದರೆ, ಇನ್ನೊಂದು ನಂಬಿಕೆಯ ಮೀಟರ್ ಪಕ್ಕ ಒಂದು ರಾತ್ರಿ ಇಡಿ. ಹೊರಗಿನ ಪರೀಕ್ಷೆ ಕೆಳಗಿನ ತುದಿಯನ್ನು ಮಾತ್ರ ನೋಡುತ್ತದೆ. 1,500ರಲ್ಲಿ ಸರಿ ಇದೆಯಾ ಎಂದು ತಿಳಿಯಲು ಜೊತೆ ಬೇಕು. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ, ನಡುವೆ 100ರೊಳಗಿನ ಅಂತರ ಇದ್ದರೆ, ನೆಮ್ಮದಿಯಾಗಿರಿ.

ಜೊತೆ ಸಿಗದಿದ್ದರೆ ಒಂದು ಸುಲಭ ದಾರಿ ಇದೆ. ಅದೇ ಮೀಟರಿನಿಂದ ಹೊರಗಿನದನ್ನೂ ಅಳೆದು, ಒಳಗಿನದರಿಂದ ಕಳೆಯಿರಿ. ಮೀಟರ್ ಎಲ್ಲ ಕಡೆ 60 ಜಾಸ್ತಿ ತೋರಿಸುತ್ತಿದ್ದರೆ ಆ 60 ಎರಡೂ ಕಡೆ ಇರುತ್ತದೆ, ಕಳೆದಾಗ ಹೋಗುತ್ತದೆ. ಒಳಗೆ 1,110, ಹೊರಗೆ 485. ವ್ಯತ್ಯಾಸ 625. ಈ 625ನ್ನು ನಂಬಬಹುದು. ಆದರೆ ನನ್ನ ಹಳೆಯ ಮೀಟರಿನ ಹಾಗೆ 400ಕ್ಕೆ ಕಟ್ಟು ಬಿದ್ದಿದ್ದರೆ ಈ ಲೆಕ್ಕವೂ ಕೈಕೊಡುತ್ತದೆ.

ಹಂತ 8: ಎಲ್ಲಿ ಇಡಬೇಕು?

ಒಳ್ಳೆಯ ಸೆನ್ಸರನ್ನೂ ಕೆಟ್ಟ ಜಾಗ ಹಾಳುಮಾಡುತ್ತದೆ. ನೆಲದಿಂದ ಸುಮಾರು 1ರಿಂದ 1.8 ಮೀಟರ್ ಎತ್ತರ, ಅಂದರೆ ನಾವು ಉಸಿರಾಡುವ ಎತ್ತರದಲ್ಲಿ ಇಡಿ. ಯಾರ ಮುಖಕ್ಕೂ ಒಂದೂವರೆ ಮೀಟರಿಗಿಂತ ಹತ್ತಿರ ಬೇಡ. ಕಿಟಕಿ, ಬಾಗಿಲು, ಎಸಿಯ ಬಾಯಿಯ ಪಕ್ಕ ಬೇಡ. ಬಿಸಿಲು ಬೀಳುವ ಕಡೆಯೂ ಬೇಡ.

ಸಿಒ2 ಗಾಳಿಗಿಂತ ಭಾರ, ಅದಕ್ಕೆ ನೆಲದ ಹತ್ತಿರ ಇಡಬೇಕು ಅಂತ ಕೆಲವರು ಹೇಳುತ್ತಾರೆ. ಕೋಣೆಯಲ್ಲಿ ಹಾಗಾಗುವುದಿಲ್ಲ. ಉಸಿರು ಬೆಚ್ಚಗಿರುತ್ತದೆ, ಮೇಲೇರುತ್ತದೆ, ಜನರ ಓಡಾಟಕ್ಕೆ ಕೋಣೆಯೆಲ್ಲ ಬೆರೆಯುತ್ತದೆ.

ಸಂಖ್ಯೆ ಓದುವಾಗ ಇಷ್ಟು ಗೊತ್ತಿರಲಿ. ಸಾಮಾನ್ಯ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊರಗಿನದನ್ನು ತರುವುದಿಲ್ಲ. ಹಾಗಾಗಿ ಕೋಣೆ ತಂಪಾಗಿದ್ದರೂ ಸಿಒ2 ಏರುತ್ತಲೇ ಇರುತ್ತದೆ. ಏರ್ ಪ್ಯೂರಿಫೈಯರ್ ದೂಳನ್ನು ಹಿಡಿಯುತ್ತದೆ, ಸಿಒ2 ಇಳಿಸುವುದಿಲ್ಲ. ಪ್ಯೂರಿಫೈಯರ್ ಓಡುತ್ತಿದ್ದರೂ ಮೀಟರ್ 1,400 ತೋರಿಸಿದರೆ ಎರಡರಲ್ಲಿ ಯಾವುದೂ ಕೆಟ್ಟಿಲ್ಲ. ಗ್ಯಾಸ್ ಒಲೆ ಉರಿಯುತ್ತಿದ್ದರೆ ಆ ಜ್ವಾಲೆಯೂ ಸಿಒ2 ಬಿಡುತ್ತದೆ, ಆಗ ಸಂಖ್ಯೆ ಬರೀ ಉಸಿರಿನ ಲೆಕ್ಕವಲ್ಲ.

ಇದೊಂದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಈ ಮೀಟರ್ ಕಾರ್ಬನ್ ಮಾನಾಕ್ಸೈಡ್ ಪತ್ತೆ ಮಾಡುವುದಿಲ್ಲ. ಹೆಸರು ಹತ್ತಿರ ಇದೆ, ಅನಿಲ ಬೇರೆ. ಮಾನಾಕ್ಸೈಡ್ ಪ್ರಾಣ ತೆಗೆಯುವ ವಿಷ, ಮತ್ತು ಅದು ಪ್ರಾಣಕ್ಕೆ ಕುತ್ತು ತರುವಷ್ಟು ಇದ್ದಾಗಲೂ ಸಿಒ2 ಮೀಟರ್ ಹಸಿರು ದೀಪ ತೋರಿಸುತ್ತಿರಬಹುದು. ಮನೆಯೊಳಗೆ ಗ್ಯಾಸ್ ಗೀಸರ್, ಜನರೇಟರ್, ಇದ್ದಿಲು, ಹೀಗೆ ಏನನ್ನಾದರೂ ಉರಿಸುವುದಿದ್ದರೆ ಅದಕ್ಕೆ ಬೇರೆಯೇ ಅಲಾರಂ ಹಾಕಿಸಿ.

ಮೀಟರ್ ಪಕ್ಕಾ ಆದ ಮೇಲೆ ಅದರ ಬೆನ್ನಿಗೆ ಒಂದು ಚೀಟಿ ಅಂಟಿಸಿ. ಕ್ಯಾಲಿಬ್ರೇಟ್ ಮಾಡಿದ ದಿನ, ಆ ದಿನ ಹೊರಗೆ ತೋರಿಸಿದ ಸಂಖ್ಯೆ, ಆಟೋ ಇದೆಯಾ ಇಲ್ಲವಾ, ಎತ್ತರ ಎಷ್ಟು ಹಾಕಿದ್ದೀರಿ, ಇಷ್ಟು ಬರೆಯಿರಿ. ಆರು ತಿಂಗಳಿಗೆ ಮತ್ತೆ ಹೊರಗೆ ಒಯ್ದಾಗ ಕೆಳಗೆ ಇನ್ನೊಂದು ಸಾಲು ಸೇರಿಸಿ. ನನ್ನ ಈಗಿನ ಮೀಟರಿನ ಚೀಟಿಯಲ್ಲಿ ಐದು ಸಾಲು ಇವೆ: 431, 438, 426, 440, 434.